ಕನ್ಸಲ್ಟಂಟರ ದಸರಾ

ನಾಗಪುರದ ಕಾರ್ಖಾನೆಯೊಂದರಿಂದ ನಮ್ಮ ಮನೆಯವರು ನಿವೃತ್ತರಾದಾಗ ಅವರ ಜಾಗಕ್ಕೆ ಯಾರನ್ನೂ ತುಂಬಲಿಲ್ಲ. ಅವರನ್ನೇ ಕನ್ಸಲ್ಟಂಟ್ ಎಂದು ಮತ್ತೆ ಕರೆದರು. ಕನ್ನಡ ಶಾಲೆಯಲ್ಲಷ್ಟೇ ಓದಿದ ನನಗೆ ಆ ಶಬ್ದ ಬಲು ದೊಡ್ಡದೆನಿಸಿ, ಲಕ್ಷ್ಮೀ ನಗರದ ನಮ್ಮ ಓಣಿಗೆಲ್ಲ ಹೇಳಿಕೊಂಡು ಬಂದೆ. ಮಗಳು ಇನ್ನೂ ಕಾಲೇಜಿನಲ್ಲಿದ್ದಳು. ಆ ಕೆಲಸ ನಮಗೆ ಬೇಕೇ ಬೇಕಿತ್ತು. ಆರಾರು ತಿಂಗಳಿಗೊಮ್ಮೆ ಅದನ್ನು ಮುಂದುವರಿಸುವ ಸಹಿ ಮಾತ್ರ ಹೊಸ ಸಾಹೇಬನದು. ಧಾರವಾಡದವನು. ನಮ್ಮವರ ಕೈಕೆಳಗೇ ಕೆಲಸ ಕಲಿತವನು. ಲಗ್ನವಾಗುವ ತನಕ ಅವನ ಭಾನುವಾರದ ಊಟ ನಮ್ಮಲ್ಲೇ.

ಖಂಡೇನವಮಿಗೆ ಯಂತ್ರಗಳ ಪೂಜೆ. ಸೆಕ್ಷನ್ನಿನ ಹಿರಿಯರು ಕಾಯಿ ಒಡೆಯುವುದು, ಅವರ ಹೆಂಡತಿ ಯಂತ್ರಕ್ಕೆ ಕುಂಕುಮ ಹಚ್ಚುವುದು ಪದ್ಧತಿ. ವರ್ಷಗಳಿಂದ ಅದು ನಾವೇ. ಆ ಸಲವೂ ಇಳಕಲ್ ಸೀರೆ ಉಟ್ಟು ಹೋದೆ. ನಮ್ಮವರು ಕಾಯಿಯ ಜುಟ್ಟು ಹಿಡಿದು ಮುಂದೆ ಬಂದರು.

“ಕಾಕಾ, ನೀವ್ಯಾಕ್ರಿ ತ್ರಾಸ್ ತಗೋತೀರಿ?” ಸಾಹೇಬ ನಕ್ಕ. “ನೀವೀಗ ಬೀಗರಿದ್ದಂಗ. ಬೀಗರ ಕಡಿಂದ ಯಾರರ ಕೆಲಸಾ ಮಾಡಸ್ತಾರೇನ್ರಿ? ಪೂಜಾ ಸ್ಟಾಫಿಂದೈತಿ.”

ಎಲ್ಲರೂ ನಕ್ಕರು. ನಮ್ಮವರೂ ನಕ್ಕರು. ಅವನ ಹೆಂಡತಿ “ಕೊಡ್ರಿ ಕಾಕೂ” ಎಂದು ನನ್ನ ಕೈಯಿಂದ ತಟ್ಟೆ ತೆಗೆದುಕೊಂಡಳು. ಉಗುರಿಗೆ ಆಗಷ್ಟೇ ಬಣ್ಣ ಹಚ್ಚಿದ್ದಳು. ಕುಂಕುಮಕ್ಕೆ ಬೆರಳಿನ ತುದಿಯನ್ನಷ್ಟೇ ತಾಗಿಸಿದಳು.

ಹೊರಡುವಾಗ ಸಾಹೇಬ ನಮ್ಮವರ ಹೆಗಲ ಮೇಲೆ ಕೈಯಿಟ್ಟ.

“ನಾಳೆ ಸ್ವಲ್ಪ ಬಂದ್ ಹೋಗ್ರಿ ಕಾಕಾ. ಬಾಯ್ಲರ್ ನೋಡೂದೈತಿ. ಸ್ಟಾಫಿಗೆ ದಸರಾ ಸೂಟಿ, ಕರದ್ರ ಯೂನಿಯನ್‌ನವರು ಬಾಯಿ ಮಾಡ್ತಾರ. ನಿಮಗ ಆ ಕಟಕಟಿನ ಇಲ್ಲ ನೋಡ್ರಿ!”

“ಬರ್ತೀನ್ರಿ ಸಾಹೇಬ್ರ.”

ಅವನಿಗೆ ನಮ್ಮವರು ‘ರಿ’ ಹಚ್ಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮರುದಿನ ಸಂಜೆ ಬನ್ನಿ ಕೊಡಲು ಮಂದಿ ಬರತೊಡಗಿದರು. ಸಾಹೇಬನೂ ಬಂದ. “ಬಂಗಾರದಂಗ ಇರೂಣ್ರಿ ಕಾಕೂ” ಎಂದು ಎಲೆ ಕೊಟ್ಟು ನನ್ನ ಕಾಲಿಗೆರಗಿದ. ಸೋಫಾದಲ್ಲಿ ಕಾಲು ಚಾಚಿ ಕುಳಿತು ಸುತ್ತ ನೋಡಿದ.

“ಕಾಕಾ ಎಲ್ರಿ?”

“ಫ್ಯಾಕ್ಟರಿಗೆ ಹೋಗ್ಯಾರಲ್ಲಪಾ.”

“ಅರೇ, ಹೌದಲ್ರಿ! ನಾನ ಕಳಿಸೀನಿ. ಹಬ್ಬದ ಗದ್ದಲದಾಗ ಮರತ ಬಿಟ್ಟೆ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜಕ್ಕೂ ಮರೆತಿದ್ದ.

ಕರಾರು ಮುಂದಿನ ತಿಂಗಳು ಮುಗಿಯುವುದಿತ್ತು. ಗಂಡನಿಗೆಂದು ತೆಗೆದಿಟ್ಟಿದ್ದ ಶ್ರೀಖಂಡದ ಡಬ್ಬಿ ಹೊರತಂದು, “ಇನ್ನಷ್ಟು ತಿನ್ನಪಾ” ಎನ್ನುತ್ತ ಎಲ್ಲವನ್ನೂ ಅವನ ಬಟ್ಟಲಿಗೇ ಬಳಿದು ಹಾಕಿದೆ.