ಮಂತ್ರಿ ಕಸೋಂಡೆ ನಾಲ್ಕನೇ ಹಂತಕ್ಕೆ ಇಳಿದದ್ದು

ಕಸಾಮಾ ಕಡೆಯ ಹಳ್ಳಿಯಿಂದ ತಾಮ್ರದ ಗಣಿಗೆ ಬಂದಾಗ ಕಸೋಂಡೆ ಚಿಲೆಷೆಗೆ ಹತ್ತೊಂಬತ್ತು ವರ್ಷ. ಹನ್ನೊಂದು ವರ್ಷ ನೆಲದಡಿಯಲ್ಲಿ ದುಡಿದ. ಬಿಳಿಯ ಮೇಲಾಳು 'ಬಾಯ್' ಎಂದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಅದಕ್ಕಾಗಿ ಎರಡು ಸಲ ಕೆಲಸ ಹೋಯಿತು. ಎರಡು ಸಲವೂ ಜೊತೆಗಾರರು ಪಟ್ಟು ಹಿಡಿದು ಅವನನ್ನು ವಾಪಸ್ ಸೇರಿಸಿದರು. ಕಾರ್ಮಿಕ ಸಂಘದ ಕಾರ್ಯದರ್ಶಿಯಾದ, ಮುಷ್ಕರ ನಡೆಸಿದ, ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದ. ಸ್ವಾತಂತ್ರ್ಯ ಬಂದು ಬಾವುಟ ಬದಲಾದ ಮೇಲೆ ಗಣಿಯ ಜನ ಅವನನ್ನು ಚುನಾವಣೆಯಲ್ಲಿ ಗೆಲ್ಲಿಸಿ ರಾಜಧಾನಿ ಲುಸಾಕಾಕ್ಕೆ ಕಳಿಸಿದರು. ಮೂರನೇ ವರ್ಷಕ್ಕೆ ಕಾರ್ಮಿಕ ಮಂತ್ರಿಯಾದ.

ಆ ವರ್ಷವೇ ಗಣಿಯ ನಾಲ್ಕನೇ ಹಂತದ ಸುರಂಗದಲ್ಲಿ ಮೇಲಿನ ಬಂಡೆ ಕುಸಿದು ಮುಂಬಾ ಕಪೋಟ್ವೆ ಸತ್ತ. ಕಸೋಂಡೆಗೆ ಗಣಿಯ ಕೆಲಸ ಕಲಿಸಿದವನು, ಜೈಲಿನಲ್ಲಿ ಒಂದೇ ಕಂಬಳಿ ಹಂಚಿಕೊಂಡವನು. ಸುರಂಗಕ್ಕೆ ಹೊಸ ಆಸರೆ ಕಂಬ ನಿಲ್ಲಿಸುವ ತನಕ ಇಳಿಯುವುದಿಲ್ಲವೆಂದು ಜನ ಕೆಲಸ ನಿಲ್ಲಿಸಿದರು.

ಕಸೋಂಡೆ ಶವಸಂಸ್ಕಾರಕ್ಕೆ ಬಂದಾಗ ಅವನ ಕೋಟಿನ ಜೇಬಿನಲ್ಲಿ ಸರ್ಕಾರದ ಆದೇಶವಿತ್ತು. ಸೋಮವಾರ ಎಲ್ಲರೂ ಕೆಲಸಕ್ಕೆ ಇಳಿಯಬೇಕು, ಇಲ್ಲದಿದ್ದರೆ ಮುಂದಾಳುಗಳ ಬಂಧನ. ಅವನ ಸಹಿಯೊಂದೇ ಬಾಕಿ. ದೇಶದ ಶಾಲೆ, ಆಸ್ಪತ್ರೆ ಎಲ್ಲ ನಡೆಯುವುದು ತಾಮ್ರದಿಂದ. ಇದು ಅವನಿಗೂ ಗೊತ್ತಿತ್ತು. ಆದರೂ ದಾರಿಯುದ್ದಕ್ಕೂ ಪೆನ್ನು ಹೊರಗೆ ಬಂದಿರಲಿಲ್ಲ.

ಕಸೋಂಡೆ, ಕಪೋಟ್ವೆಯರಂಥ ಬೆಂಬಾ ಜನರ ಮನೆಯಲ್ಲಿ ಸಾವಾದರೆ ಗುಂಡಿ ತೋಡುವವರು ಙೋನಿ ಜನ. ಹಿಂದೊಮ್ಮೆ ಕಾದಾಡಿದ ಈ ಎರಡು ಕುಲಗಳು ಈಗ ಅಣಕದ ನೆಂಟರು. ಹೆಣದ ಮುಂದೆಯೇ ಙೋನಿ ಬಾಯಿಗೆ ಬಂದದ್ದು ಆಡಬಹುದು, ಬೆಂಬಾ ತಿರುಗಿಸಿ ಆಡಬಹುದು. ಸಿಟ್ಟಾಗುವುದು ಮಾತ್ರ ತಪ್ಪು.

ಗುಂಡಿಯೊಳಗೆ ನಿಂತಿದ್ದವನು ಙೋನಿ ಕುಲದ ಯೋಬೆ ಜೆರೆ, ಸಂಘದ ಈಗಿನ ಅಧ್ಯಕ್ಷ.

"ಕೋತಿ ತಿನ್ನೋರಲ್ಲಿ ಒಬ್ಬ ಕಮ್ಮಿಯಾದ ಕಣ್ರಪ್ಪಾ! ಇನ್ನಾದ್ರೂ ಕಾಡಲ್ಲಿ ಕೋತಿಗಳು ನೆಮ್ಮದಿಯಾಗಿರ್ತವೆ."

ಅಳುತ್ತಿದ್ದ ವಿಧವೆಯೂ ನಕ್ಕುಬಿಟ್ಟಳು.

"ಬೇಗ ತೋಡೋ," ಎಂದ ಕಸೋಂಡೆ. "ಇಲಿ ಹಿಡ್ದು ತಿನ್ನೋರಿಗೆ ಬಿಲ ಅಗೆಯೋದು ಹೊಸ್ದಾ?"

"ತೋಡ್ತೀನಿ ಮಿನಿಸ್ಟ್ರೇ, ಲೆಕ್ಕ ಹೇಳಿ. ಸೋಮವಾರ ನಮ್ಮನ್ನ ಒಳಗೆ ಅಟ್ತೀರಂತಲ್ಲ, ಇನ್ನೆಷ್ಟು ಗುಂಡಿ ಬೇಕು? ಒಟ್ಟಿಗೇ ತೋಡಿ ಇಟ್ಬಿಡ್ತೀವಿ."

"ಬಾಯ್ಮುಚ್ಚೋ ಜೆರೆ! ಯಾರ ಹತ್ರ ಮಾತಾಡ್ತಿದೀಯ ಅನ್ನೋ ಜ್ಞಾನ ಇದೆಯಾ?"

ಕಸೋಂಡೆ ಸಿಟ್ಟಾಗಿಬಿಟ್ಟಿದ್ದ. ಜೆರೆ ಕೇಳಿದ್ದು ಮೂರು ದಿನದಿಂದ ಕಸೋಂಡೆ ತನ್ನನ್ನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ. ಅದಕ್ಕೇ ಅದು ಅಷ್ಟು ಚುಚ್ಚಿತ್ತು.

ಸತ್ತವನ ಮುದಿ ಸೋದರತ್ತೆ ಎದ್ದು ನಿಂತಳು. "ಥೂ ನಿನ್ನ! ಕಾರಲ್ಲಿ ಓಡಾಡಿ ನಗೋದು ಮರ್ತ್ಯೇನೋ? ಜೆರೆ, ತಪ್ಪು ಕಾಣಿಕೆ ಕೇಳು. ಇವ್ನು ಕೊಡ್ಲೇಬೇಕು."

ವಾಡಿಕೆಯಂತೆ ಒಂದು ಕೋಳಿ ಕೇಳುತ್ತಾನೆಂದು ಎಲ್ಲರೂ ಕಾದರು.

"ಕೋಳಿ ಬೇಡಜ್ಜಿ," ಎಂದ ಜೆರೆ. ಈಗ ಅವನ ದನಿಯಲ್ಲಿ ಅಣಕವಿರಲಿಲ್ಲ. "ನಾಳೆ ಬೆಳಿಗ್ಗೆ ಆರಕ್ಕೆ ನಾಲ್ಕನೇ ಹಂತಕ್ಕೆ ಇಳೀಲಿ. ಹಾರೆ ತಾನೇ ಹಿಡೀಲಿ."

ಮರುದಿನ ಆರಕ್ಕೆ ಕಸೋಂಡೆ ಹೆಲ್ಮೆಟ್ ತೊಟ್ಟು ಬಂದ. ಗಣಿಯ ಮ್ಯಾನೇಜರ್ ಪಂಜರದಾಕಾರದ ಲಿಫ್ಟಿನ ಬಾಗಿಲಲ್ಲೇ ತಡೆದ. "ಎಂಜಿನಿಯರ್ ವರದಿ ಇದೆ ಸರ್. ಮೇಲಿನ ಬಂಡೆ ಗಟ್ಟಿಯಾಗಿದೆ. ನೀವು ಇಳಿಯೋ ಅಗತ್ಯ ಏನಿದೆ?"

"ನೀವೂ ಬನ್ನಿ."

ಕೆಳಗೆ ಕಸೋಂಡೆ ಎಡಗೈ ಅಂಗೈಯನ್ನು ತಲೆಯ ಮೇಲಿನ ಬಂಡೆಗೆ ಒತ್ತಿ, ಬಲಗೈಯ ಹಾರೆಯಿಂದ ಪಕ್ಕದಲ್ಲಿ ಬಡಿದ. ಗಟ್ಟಿ ಬಂಡೆ ಗಂಟೆಯಂತೆ ಉಲಿಯುತ್ತದೆ. ಸಡಿಲಾದದ್ದು ಟೊಳ್ಳು ಸದ್ದು ಕೊಡುತ್ತದೆ, ಅಂಗೈಗೆ ನಡುಕ ತಾಕುತ್ತದೆ. ಕಪೋಟ್ವೆ ಮೊದಲ ದಿನ ಕಲಿಸಿದ ಪಾಠ ಇದೇ. ಒಂದೊಂದೇ ಹೆಜ್ಜೆ ಮುಂದಿಟ್ಟು ಬಡಿದ. ಹನ್ನೊಂದನೇ ಹೆಜ್ಜೆಯಲ್ಲಿ ಸದ್ದು ಸತ್ತಿತು. ಹನ್ನೆರಡರಲ್ಲೂ ಹಾಗೇ. ಇಪ್ಪತ್ತರವರೆಗೂ ಹಾಗೇ.

"ಇದು ಹಳೇ ಕಾಲದ ಪದ್ಧತಿ ಸರ್," ಎಂದ ಮ್ಯಾನೇಜರ್.

"ಹೌದು. ಬನ್ನಿ, ಇಲ್ಲಿ ಕೈ ಇಡಿ. ನಾನು ಬಡೀತೀನಿ."

ಮ್ಯಾನೇಜರ್ ಕೈ ಎತ್ತಿದ. ಮೇಲೆ ನೋಡಿದ. ಕೈ ಇಳಿಸಿ ಎರಡು ಹೆಜ್ಜೆ ಹಿಂದೆ ಸರಿದ.

ಮೇಲೆ ಬಂದ ಕಸೋಂಡೆ ಗಣಿಗಾರರ ದೀಪಗಳನ್ನಿಡುವ ಕೋಣೆಯ ಮೇಜಿನ ಮೇಲೆ ಬೇರೊಂದು ಕಾಗದ ಬರೆದ: ಆಸರೆ ನಿಲ್ಲುವ ತನಕ ನಾಲ್ಕನೇ ಹಂತ ಮುಚ್ಚಿದೆ. ಅದಕ್ಕೆ ಸಹಿ ಹಾಕಿ ಲುಸಾಕಾಕ್ಕೆ ಫೋನ್ ಮಾಡಿದ.

"ನಿಮಗೆ ಕೊಟ್ಟಿದ್ದ ಆದೇಶ?" ಎಂದು ಸಂಪುಟದ ಕಾರ್ಯದರ್ಶಿ ಕೇಳಿದ.

"ಜೇಬಲ್ಲೇ ಇದೆ. ಸಹಿ ಹಾಕಲ್ಲ."

"ಮಂತ್ರಿ ಪದವಿ ಹೋಗಬಹುದು, ಚಿಲೆಷೆ."

"ಅದನ್ನ ನೀವು ಸೋಮವಾರ ತೀರ್ಮಾನ ಮಾಡಿ. ಅಲ್ಲೀವರೆಗೆ ಮಂತ್ರಿ ನಾನೇ."

ಫೋನಿನ ಮಾತು ಕೇಳಿಸಿಕೊಂಡು ಹೊರಗೆ ಕಾದಿದ್ದ ಜನ ಜೈಕಾರ ಹಾಕತೊಡಗಿದರು. ಕಸೋಂಡೆ ಕೈಯೆತ್ತಿ ನಿಲ್ಲಿಸಿದ. "ಇನ್ನೂ ಮುಗ್ದಿಲ್ಲ. ಉಳಿದ ಮೂರು ಹಂತಕ್ಕೆ ಸೋಮವಾರ ನೀವು ಇಳೀಬೇಕು."

"ಅಲ್ಲಿ ಗಟ್ಟಿ ಅಂತ ಯಾರು ಹೇಳ್ದೋರು?" ಎಂದ ಜೆರೆ.

"ಯಾರೂ ಹೇಳಿಲ್ಲ. ಇವತ್ತು ನಾಳೆ ಎರಡು ದಿನ ಇದೆ. ಮೂರೂ ಹಂತ ಹೆಜ್ಜೆ ಹೆಜ್ಜೆಗೂ ಬಡಿದು ನೋಡೋಣ. ಸದ್ದು ಸತ್ತ ಕಡೆ ಸುಣ್ಣ ಬಳೀರಿ. ಬಳಿದ ಕಡೆ ಯಾರೂ ಕೆಲ್ಸ ಮಾಡೋ ಹಾಗಿಲ್ಲ. ಸುಣ್ಣ ಇಲ್ಲದ ಕಡೆ ಯಾರೂ ನೆಪ ಹೇಳೋ ಹಾಗಿಲ್ಲ. ಒಪ್ಪಿಗೆನಾ?"

ಜೆರೆ ಜೊತೆಗಾರರ ಮುಖ ನೋಡಿದ. ಒಬ್ಬೊಬ್ಬರಾಗಿ ತಲೆಯಾಡಿಸಿದರು. ಒಬ್ಬ ಆಗಲೇ ಸುಣ್ಣದ ಬಕೆಟ್ ತರಲು ಹೋಗಿದ್ದ.

ಮಧ್ಯಾಹ್ನದ ಹೊತ್ತಿಗೆ ಕಸೋಂಡೆಯ ಅಂಗೈಯಲ್ಲಿ ಗುಳ್ಳೆಗಳು ಎದ್ದಿದ್ದವು.

"ಮಿನಿಸ್ಟ್ರ ಕೈ ಹಸುಗೂಸಿನ ಕೆನ್ನೆ ಥರ ಆಗಿದೆ," ಎಂದ ಜೆರೆ. "ಕೊಡಿ ಹಾರೆ, ನಾನು ಹಿಡೀತೀನಿ."

"ನೀನು ದೀಪ ಹಿಡಿ ಸಾಕು, ಇಲಿ ಬೇಟೆಗಾರ. ಸ್ವಲ್ಪ ಮೇಲಕ್ಕೆ. ಹ್ಞಾಂ, ಅಲ್ಲೇ."

ಕಸೋಂಡೆ ಅಂಗೈಯನ್ನು ಬಂಡೆಗೆ ಒತ್ತಿ ಮತ್ತೆ ಬಡಿದ. ಎರಡನೇ ಹಂತದಲ್ಲಿ ಇನ್ನೂ ನಾನೂರು ಹೆಜ್ಜೆ ಬಾಕಿ ಇತ್ತು.