ಊದುಬತ್ತಿಯ ವಾಸನೆ ಬಾರದ ಸೋಮವಾರ

ಇಂಥ ಮಾತುಗಳನ್ನು ನಾನು ನಂಬುತ್ತಿದ್ದವಳಲ್ಲ. ದೇವರನ್ನು ನಂಬುತ್ತೇನೆ, ಸೋಮವಾರ ಒಪ್ಪತ್ತು ಮಾಡುತ್ತೇನೆ, ಅದು ಬೇರೆ. ಆದರೆ ಯಾರಿಗೋ ಕನಸು ಬಿತ್ತು, ಯಾರಿಗೋ ಹಲ್ಲಿ ನುಡಿಯಿತು, ಅದರಿಂದ ಯಾರೋ ಉಳಿದರು ಎಂದು ಓಣಿಯ ಹೆಂಗಸರು ಹೇಳುವಾಗ ನಾನು ಅಕ್ಕಿ ಆರಿಸುವ ಮೊರದಿಂದ ಮುಖ ಕೂಡ ಎತ್ತುತ್ತಿರಲಿಲ್ಲ. ಈಗ ನಾನೇ ಅಂಥದೊಂದನ್ನು ಹೇಳಬೇಕಾಗಿದೆ. ನೀವೂ ಮುಖ ಎತ್ತದೆ ಕೇಳಿದರೆ ನನಗೆ ಬೇಸರವಿಲ್ಲ.

ನನ್ನ ತವರು ಲಿಂಗಸುಗೂರು ಕಡೆಯ ಗುರುಗುಂಟಾ, ನಮ್ಮ ಮನೆದೇವರು ಅಮರೇಶ್ವರನ ಸೀಮೆ. ಕೊಟ್ಟಿದ್ದು ಸಿಂಧನೂರಿಗೆ. ತವರಿನಲ್ಲಿ ಎರಡು ಕೊಡ ನೀರಿಗಾಗಿ ಬೆಳಗಾಗುವ ಮೊದಲೇ ಪಾಳಿ ಹಚ್ಚಿದ್ದು ನೆನಪಿದೆ. ಇಲ್ಲಿ ಕಾಲುವೆ ಇದೆ, ಮನೆಗೆ ನಲ್ಲಿ ಇದೆ. ನಲ್ಲಿ ತಿರುವಿದಾಗ ನೀರು ಬಂದರೆ ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಇಂಥ ಸಣ್ಣ ಸಣ್ಣ ಕೃಪೆಗಳನ್ನು ಎಣಿಸಿಕೊಳ್ಳುವುದು ನನ್ನ ಚಟ. ಬಂದ ನೀರಿಗೆ ಕೈ ಮುಗಿದೆನೇ ಹೊರತು, ಬಳಸಿ ಚೆಲ್ಲಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವಳಲ್ಲ. ಅದು ಹೋಗುತ್ತಿದ್ದುದು ನಮ್ಮ ಯಜಮಾನರ ಹತ್ತಿರ.

ಅವರು ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ ಪಂಪು ನೋಡಿಕೊಳ್ಳುವವರು. ಬಚ್ಚಲು, ಪಾಯಖಾನೆ, ಹಳ್ಳದ ನೀರೆಲ್ಲ ಅಲ್ಲಿ ಒಂದು ಆಳವಾದ ಬಾವಿಗೆ ಬಂದು ಬೀಳುತ್ತದೆ. ಪಂಪು ಅದನ್ನು ಮೇಲಿನ ಕೊಳಗಳಿಗೆ ಎತ್ತುತ್ತದೆ. ಅಲ್ಲಿ ಗಾಳಿ ಊದಿ, ಕೆಸರು ತಳಕ್ಕಿಳಿಸಿ, ತಿಳಿಯಾದ ನೀರನ್ನು ಗಿಡಗಳಿಗೆ ಬಿಡುತ್ತಾರೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ಮನೆಯಲ್ಲಿ ನನ್ನದೊಂದು ಕಟ್ಟುನಿಟ್ಟಿತ್ತು. ಅವರು ಹಿತ್ತಲಿನಿಂದ ಬಂದು, ಸ್ನಾನ ಮಾಡಿಯೇ ಒಳಗೆ ಕಾಲಿಡಬೇಕು. ಕೆಲಸದ ಅಂಗಿಗೆ ಬೇರೆ ಬಕೆಟ್ಟು, ಬೇರೆ ಹಗ್ಗ. ಕೊಳೆತ ತತ್ತಿಯಂಥ ಆ ವಾಸನೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಆ ಕೆಲಸದ ಮಾತೂ ಹೊಸ್ತಿಲು ದಾಟಬಾರದು ಎಂದಿದ್ದೆ. ಅವರು ಒಪ್ಪಿಕೊಂಡು ನಡೆಯುತ್ತಿದ್ದರು.

ಒಮ್ಮೆ ಕರ್ಚೀಫಿನಲ್ಲಿ ಮಲ್ಲಿಗೆ ಮೊಗ್ಗು ಕಟ್ಟಿಕೊಂಡು ತಂದರು. ತಿಳಿಯಾದ ನೀರು ಹಾಯಿಸಿ ಘಟಕದ ಗೋಡೆಗುಂಟ ತಾವೇ ಬೆಳೆಸಿದ ಬಳ್ಳಿಯದು.

“ದೇವ್ರಿಗೆ ಏರಸು,” ಎಂದರು.

“ಆ ನೀರಿನ ಹೂವೇನ್ರಿ? ಅಮರೇಶ್ವರ ಮೂಗು ಮುಚ್ಕೊಂಡಾನು.”

“ಒಮ್ಮೆ ಮೂಸಿ ನೋಡಬೇ. ಮಲ್ಲಿಗಿ ವಾಸನಿನ ಬರ್ತೈತಿ.”

ನಾನು ಮೂಸಲಿಲ್ಲ, ತಿಪ್ಪೆಗೆ ಹಾಕಿದೆ. ಅವರು ಮತ್ತೆ ಹೂವು ತರಲಿಲ್ಲ.

ಇನ್ನೊಂದನ್ನೂ ಮುಚ್ಚಿಡದೆ ಹೇಳಬೇಕು. ದೇವರ ಮೇಲಿಂದ ಇಳಿದ ಹೂವು ಪತ್ರಿ, ದೇವರಿಗೆ ಉಡಿಸಿ ಹಳೆಯದಾದ ಬಟ್ಟೆ, ಇವನ್ನು ಕಸಕ್ಕೆ ಹಾಕುವಂತಿಲ್ಲ, ಕಾಲಲ್ಲಿ ತುಳಿಯುವಂತಿಲ್ಲ. ಹರಿಯುವ ನೀರಿಗೇ ಬಿಡಬೇಕು. ಕಾಲುವೆ ಬಂದ್ ಆದ ತಿಂಗಳುಗಳಲ್ಲಿ ನಮಗೆ ಹರಿಯುವ ನೀರೆಂದರೆ ಓಣಿಯ ಹಿಂದಿನ ಹಳ್ಳ. ನೀರು ಕಪ್ಪು, ನಿಜ. ಆದರೂ ಹರಿಯುತ್ತದಲ್ಲ ಎಂದು ಹೆಂಗಸರೆಲ್ಲ ಅಲ್ಲಿಗೇ ಬಿಡುತ್ತಿದ್ದೆವು. ಆ ನೀರಿನ ಹೂವು ಬೇಡವೆಂದ ನನಗೆ ಆ ನೀರಿಗೇ ದೇವರ ಬಟ್ಟೆ ಬಿಡುವಾಗ ಏನೂ ಅನ್ನಿಸುತ್ತಿರಲಿಲ್ಲ. ಒಂದು ಭಾನುವಾರ ದೇವರ ಜಗಲಿ ತೊಳೆದು, ಹಳೆಯ ಹಳದಿ ವಸ್ತ್ರಗಳನ್ನು ಗಂಟು ಕಟ್ಟಿ, ಕೈ ಮುಗಿದು ಹಳ್ಳಕ್ಕೆ ಬಿಟ್ಟು ಬಂದೆ.

ಮರುದಿನ ಹನ್ನೊಂದರ ಸುಮಾರಿಗೆ ಪೂಜೆಗೆ ಕುಳಿತು ಊದುಬತ್ತಿ ಹಚ್ಚಿದೆ. ಹೊಗೆ ಕಾಣುತ್ತಿದೆ, ವಾಸನೆ ಇಲ್ಲ. ಬತ್ತಿ ಹಳೆಯದಿರಬೇಕೆಂದು ಬೇರೆ ಪುಡಿಕೆ ಒಡೆದೆ. ಅದೂ ಹಾಗೆಯೇ. ಕರ್ಪೂರ ಮೂಗಿನ ಹತ್ತಿರ ಹಿಡಿದೆ, ಇಂಗಿನ ಡಬ್ಬಿ ತೆಗೆದೆ. ಎಲ್ಲ ನೀರಿನಂತೆ ಸಪ್ಪೆ. ನೆಗಡಿಯಿಲ್ಲ, ಜ್ವರವಿಲ್ಲ. ಅರ್ಧ ತಾಸಿನ ಹಿಂದೆ ಕುಡಿದ ಚಹಾದಲ್ಲಿ ಶುಂಠಿಯ ವಾಸನೆ ಚೆನ್ನಾಗಿಯೇ ಬಂದಿತ್ತು. ಬಾಗಿಲಲ್ಲಿ ಹೋಗುತ್ತಿದ್ದ ಪಕ್ಕದ ಮನೆಯ ಶಾಂತಮ್ಮನನ್ನು ಕರೆದು ಕೇಳಿದೆ.

“ಓಣಿ ತುಂಬ ಘಂ ಅನ್ನಾಕತ್ತೈತಿ. ನಿನಗೇನಾಗೈತಬೇ?” ಎಂದು ಹೋದಳು.

ಕೊನೆಗೆ ಹಿತ್ತಲಿಗೆ ಹೋಗಿ, ಬೇರೆ ಹಗ್ಗದ ಮೇಲಿದ್ದ ಅವರ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡೆ. ಅಷ್ಟು ವರ್ಷ ಎರಡೇ ಬೆರಳಲ್ಲಿ ಹಿಡಿದ ಅಂಗಿ. ಅದರಲ್ಲೂ ಏನೂ ಇರಲಿಲ್ಲ. ಹೊಸ ಅಂಗಿಯಂತೆ, ಯಾರೂ ಎಂದೂ ತೊಡದ ಅಂಗಿಯಂತೆ ಇತ್ತು.

ಮತ್ತೆ ಕೊರೊನಾ ಬಂತೇನೋ, ಬರುವಾಗ ಗುಳಿಗೆ ತರಲಿ ಎಂದು ಫೋನ್ ಹಚ್ಚಿದೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಕೆಲಸದ ಹೊತ್ತಿನಲ್ಲಿ ನಾನು ಎಂದೂ ಫೋನ್ ಮಾಡಿದವಳಲ್ಲ. ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಎತ್ತಿದವನು ಅವರ ಜೊತೆ ಕೆಲಸ ಮಾಡುವ ಮೆಹಬೂಬ.

“ಭಾಬಿ, ಅಣ್ಣ ಬಾವಿಗೆ ಇಳಿಯಾಕತ್ತಾನ. ಪಂಪಿನ್ಯಾಗ ಅರಿವಿ ಬಟ್ಟಿ ಸಿಕ್ಕೈತಿ. ಮ್ಯಾಲೆ ಬಂದ ಕೂಡ್ಲೆ ಫೋನ್ ಮಾಡಸ್ತೀನಿ.”

“ಅಲ್ಲೇ ಅದಾರಲ್ಲ, ಹೇಳಪಾ. ನನ್ನ ಮೂಗಿಗೆ ಒಂದೂ ವಾಸನಿ ಹತ್ತವಲ್ದು ಅಂತ ಹೇಳು.”

ಅವನು ನಕ್ಕ. “ಕೇಳಿದೇನಣ್ಣ, ಭಾಬಿಗೆ ವಾಸನಿನ ಹತ್ತವಲ್ದಂತ. ಇವತ್ತು ನಿನ್ನ ಮುಂಬಾಗಲಿಂದ ಒಳಗ ಕರಕೋತಾಳ ನೋಡು.”

ನಗು ಅರ್ಧಕ್ಕೇ ನಿಂತಿತು. ಆಮೇಲೆ ಬೇರೆಯದೇ ದನಿಯಲ್ಲಿ, “ಅಣ್ಣಾ, ನಿನಗ ಹತ್ತಾಕತ್ತೈತೇನು? ನನಗೂ ಹತ್ತವಲ್ದು. ಬಿಡು ಅದನ್ನ, ಮ್ಯಾಲೆ ಬಾ. ಮ್ಯಾಲೆ ಬಾ ಅಂದ್ನೆಲ್ಲ” ಎಂದ. ಫೋನು ಎಲ್ಲಿಯೋ ಬಿತ್ತು.

ಕಬ್ಬಿಣಕ್ಕೆ ಏನೋ ಬಡಿದ ಸಪ್ಪಳ. ಯಾರೋ ಕೆಮ್ಮುತ್ತಿದ್ದರು. ಒಬ್ಬರೋ ಇಬ್ಬರೋ ತಿಳಿಯಲಿಲ್ಲ. ನಾನು ಫೋನು ಕಿವಿಗೆ ಹಿಡಿದು ದೇವರ ಜಗಲಿಯ ಮುಂದೆ ನಿಂತಿದ್ದೆ. ನನ್ನ ಮೂಗು ನೀನೇ ಇಟ್ಟುಕೋ ಅಮರೇಶ್ವರಾ, ಅವರನ್ನು ಮೇಲೆ ಕಳಿಸು ಎಂದಿದ್ದು ನೆನಪಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಅವರದೇ ದನಿ ಬಂತು, ನಿದ್ದೆಯಿಂದ ಎದ್ದವರ ಹಾಗೆ.

“ಏನಾಗೈತಿ ನಿನ್ನ ಮೂಗಿಗೆ?”

ಸಂಜೆ ರೂಢಿಯಂತೆ ಹಿತ್ತಲಿನಿಂದಲೇ ಬಂದರು. ಕಣ್ಣು ಕೆಂಪಗಿದ್ದವು. ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟರು. ಆ ಕೆಲಸದ ಮಾತು ಅವತ್ತೇ ಮೊದಲ ಸಲ ನಾನಾಗಿ ಕೇಳಿದೆ. ಬಾವಿಯಲ್ಲಿ ಒಂದು ಕೆಟ್ಟ ಗಾಳಿ ಇರುತ್ತದಂತೆ. ಅಂಗಿಗೆ ಹತ್ತುವ ತತ್ತಿಯ ವಾಸನೆ ಅದರದೇ.

“ವಾಸನಿ ಬರ್ತಿರೋತನಕ ಜೀವ ಉಳಸಾಕ ಇನ್ನೂ ಹೊತ್ತು ಇರ್ತೈತಿ,” ಎಂದರು. “ಬರೋ ವಾಸನಿ ತಟ್ನ ನಿಂತ್ರ ಗಾಳಿ ಹೋಗಿಲ್ಲ, ಮೂಗು ಸತ್ತೈತಿ ಅಂತ ತಿಳ್ಕೊಂಡು ಓಡಬೇಕು. ಟ್ರೇನಿಂಗ್‌ನ್ಯಾಗ ಹೇಳಿದ್ರು. ಬಾವಿ ಬಾಯಾಗ ನಿಂತು ನಿಂತು ಇಬ್ರಿಗೂ ವಾಸನಿ ನಿಂತಿತ್ತು, ಖಬರ ಇರಲಿಲ್ಲ. ವಾಸನಿ ಕಮ್ಮಿ ಆತು, ಗಾಳಿ ಹೋಗೈತಿ ಅಂತ ಇಳಿದೆ.”

ನಾಲ್ಕು ಮೆಟ್ಟಿಲು ಇಳಿದಿದ್ದರಂತೆ. ಕಾಲಿನ ಶಕ್ತಿ ಹೋಗಿತ್ತು. ಮೆಹಬೂಬ ಅಂಗಿಯ ಕೊರಳು ಹಿಡಿದು ಎಳೆದುಕೊಂಡ. ಆಮೇಲೆ ಗಾಳಿ ಅಳೆಯುವ ಯಂತ್ರ ಇಳಿಬಿಟ್ಟರೆ ಅದು ಒಂದೇ ಸಮನೆ ಕೂಗಿತು. ಇಳಿಯಬಾರದು, ಸಿಕ್ಕಿದ್ದನ್ನು ಎಳೆದು ತೆಗೆಯುವ ಮಷೀನು ಬರುವತನಕ ಕಾಯಬೇಕು ಎಂಬುದು ಇಬ್ಬರಿಗೂ ಗೊತ್ತಿದ್ದದ್ದೇ.

“ಗೊತ್ತಿದ್ದೂ ಯಾಕ ಇಳಿದ್ರಿ?”

“ಪಂಪು ನಿಂತ್ರ ಹೊಲಸೆಲ್ಲ ತಗ್ಗಿನ ಓಣಿಗೆ ವಾಪಸ್ ಹೊಳ್ಳತೈತಿ. ತಗ್ಗಿನ ಓಣಿ ನಮ್ದ ಅಲ್ಲೇನು?” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ವಾಸನಿ ನಿಂತ್ರ ಓಡಬೇಕು ಅಂತ ನಿನಗ ಯಾರು ಹೇಳಿದ್ರು?”

ಯಾರೂ ಹೇಳಿರಲಿಲ್ಲ. ಹೇಳಲು ನಾನು ಬಿಟ್ಟೇ ಇರಲಿಲ್ಲ.

ಅಲ್ಲಿ ಕುಳಿತಿದ್ದಾಗಲೇ ನನ್ನ ಮೂಗು ತಿರುಗಿ ಬಂತು. ಮೊದಲು ಹತ್ತಿದ್ದು ಅವರ ಅಂಗಿಯ ವಾಸನೆ. ಅದೇ ಕೊಳೆತ ತತ್ತಿ. ನಾನು ಸರಿದು ಕೂಡಲಿಲ್ಲ.

ಮರುದಿನ ಮಷೀನು ಬಂದು ಪಂಪಿನಿಂದ ಹಳದಿ ಅರಿವೆಯ ಗಂಟು ಎಳೆಯಿತು ಎಂದು ಅವರು ಹೇಳಿದಾಗ, “ಅದು ನಂದ ಇರಬೇಕ್ರಿ” ಎಂದೆ. ಅವರು ನನ್ನ ಮುಖ ನೋಡಿದರು. “ಅರ್ಧ ಊರಿಂದು ಇರ್ತೈತಿ ಬಿಡು,” ಎಂದು ಊಟಕ್ಕೆ ಕುಳಿತರು. ನನ್ನದೇ ಹೌದೋ ಅಲ್ಲವೋ ಇವತ್ತಿಗೂ ತಿಳಿಯದು. ಅವತ್ತಿನಿಂದ ಹೂವು ಪತ್ರಿ ಹಿತ್ತಲಿನ ಕುಣಿಯಲ್ಲಿ ಗೊಬ್ಬರವಾಗುತ್ತವೆ. ಹಳೆಯ ವಸ್ತ್ರ ಹರಿದು ದೀಪದ ಬತ್ತಿ ಹೊಸೆಯುತ್ತೇನೆ. ಓಣಿಯಲ್ಲಿ ನಾಲ್ಕು ಮನೆಯವರು ನನ್ನ ಮಾತು ಕೇಳಿದ್ದಾರೆ, ಉಳಿದವರು ಕೇಳಿಲ್ಲ.

ಮಸ್ಕಿಯ ನನ್ನ ತಂಗಿ ಇದು ಅಮರೇಶ್ವರನ ಕರೆ ಎನ್ನುತ್ತಾಳೆ. ಡಾಕ್ಟರು, ನೆಗಡಿ ಬರುವ ಮುಂಚೆ ಹಾಗಾಗುತ್ತದೆ ಎಂದರು. ನೆಗಡಿ ಬರಲೇ ಇಲ್ಲ. ದೇವರು ಎಂದು ಹೇಳಲು ನನಗೇ ನಾಚಿಕೆ. ಅವನ ಬಟ್ಟೆಯನ್ನು ಆ ನೀರಿಗೆ ಬಿಟ್ಟವಳು ನಾನು. ಅಂಥವಳನ್ನು ಅವನು ಯಾಕೆ ಕರೆಯಬೇಕು? ಊರಾಚೆಯ ಬಾವಿಯ ಬಾಯಲ್ಲಿ ಇಬ್ಬರ ಮೂಗು ಸತ್ತರೆ, ಅಡುಗೆಮನೆಯ ಪಕ್ಕ ದೇವರ ಜಗಲಿಯ ಮುಂದೆ ಕುಳಿತ ನನ್ನ ಮೂಗು ಯಾಕೆ ಸಾಯಬೇಕು? ನನಗೆ ಗೊತ್ತಿಲ್ಲ.

ಈಗ ದಿನವೂ ಅವರು ಹೊರಡುವ ಮೊದಲೇ ಪೂಜೆ ಮುಗಿಸುತ್ತೇನೆ. ಜಗಲಿಯ ಮೇಲೆ ಅವರ ಬಳ್ಳಿಯ ಮಲ್ಲಿಗೆ ಇರುತ್ತದೆ. ಅವರು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, “ವಾಸನಿ ಹತ್ತಿತೇನಬೇ?” ಎಂದು ನಗುತ್ತ ಕೇಳುತ್ತಾರೆ. ನಾನು ನಗುವುದಿಲ್ಲ. ಮೊದಲು ಹೂವು ಮೂಸುತ್ತೇನೆ, ಆಮೇಲೆ ಊದುಬತ್ತಿ. ಎರಡೂ ಹತ್ತಿದ ಮೇಲೆಯೇ ಬುತ್ತಿಯ ಡಬ್ಬಿಯನ್ನು ಅವರ ಕೈಗೆ ಕೊಡುತ್ತೇನೆ.