ಚಂದ್ರವಳ್ಳಿ ಗುಹೆಯ ಬಾಯಲ್ಲಿ ಚಪ್ಪಲಿ

ಚಂದ್ರವಳ್ಳಿಯ ಹಳೆಯ ಗೋಡೆಯಲ್ಲಿ ಉಳಿದಿರುವ ಕೋವಿಕಿಂಡಿಗಳನ್ನು ನೋಡಿಕೊಂಡು, ಯುದ್ಧಕಾಲದಲ್ಲಿ ಪಾಳೆಯಗಾರರು ಅಡಗುತ್ತಿದ್ದರೆನ್ನುವ ಗುಹೆಯ ಬಾಯಿಗೆ ಬಂದೆವು. ಗೈಡ್ ರಹಮತ್ ಸಾಬರು ತಡೆದರು.

"ಎಲ್ರೂ ಎಡಗಾಲಿನ ಚಪ್ಪಲಿ ಇಲ್ಲೇ ಬಿಡ್ರಿ. ವಾಪಸ್ ಬಂದಾಗ ಒಂದು ಉಳೀತು ಅಂದ್ರೆ, ಒಬ್ರು ಒಳಗೇ ಅವ್ರೆ ಅಂತ."

ನನಗೂ ಅಕ್ಕನಿಗೂ ನಗು ಬಂತು. ಆದರೂ ಎಲ್ಲರ ಜೊತೆ ಬಿಟ್ಟೆವು.

ಒಳಗೆ ಪಕ್ಕದವರ ಮುಖವೂ ಕಾಣದ ಕತ್ತಲು. ಕೋಣೆಯಿಂದ ಕೋಣೆಗೆ ಬಗ್ಗಿ ನುಸುಳಿ, ಸಾಬರ ಟಾರ್ಚಿನ ಹಿಂದೆಯೇ ಹೊರಬಂದು ಎಲ್ಲರೂ ಚಪ್ಪಲಿ ಮೆಟ್ಟಿಕೊಂಡೆವು. ಕೆಂಪು ಪಟ್ಟಿಯದೊಂದು ಹಾಗೇ ಉಳಿಯಿತು. ನನ್ನ ಅಕ್ಕನದು.

"ಅಕ್ಕಾ!" ಎಂದು ಕೂಗಿದೆ. ನನ್ನ ದನಿಯಷ್ಟೇ ತಿರುಗಿ ಬಂತು. ಒಳಗೆ ನುಗ್ಗಹೋದವನ ರಟ್ಟೆಯನ್ನು ಸಾಬರು ಹಿಡಿದರು.

"ನೀವು ಇಲ್ಲೇ ಇರ್ರಿ. ನಾ ನೋಡ್ತೀನಿ."

ಟಾರ್ಚ್ ಹಚ್ಚಿದವರು ಒಂದು ಗಳಿಗೆ ನಿಂತು, ತಮ್ಮ ಎಡಗಾಲಿನ ಚಪ್ಪಲಿಯನ್ನು ಮತ್ತೆ ಬಿಚ್ಚಿ ಅಕ್ಕನದರ ಪಕ್ಕದಲ್ಲಿಟ್ಟು ಒಳಗೆ ಹೋದರು.